ಎಣಿಕೆಯೇ ಗುರಿಯಾದಾಗ: ಪ್ರೋತ್ಸಾಹಧನ, ಗುರಿ ನಿಗದಿ ಮತ್ತು ನಮ್ಮ ಪಂಚಾಯತಿಗಳು



ಕೆಂಗೇರಿ ಅಥವಾ ತಾವರೆಕೆರೆ ಹೋಬಳಿಯ ಯಾವುದೇ ಹಾಲು ಉತ್ಪಾದಕರ ಸಹಕಾರ ಸಂಘದ ಬಾಗಿಲಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತರೆ ಈ ಲೇಖನದ ವಿಷಯ ಅರ್ಧದಷ್ಟು ಅರ್ಥವಾಗುತ್ತದೆ. ಸಂಘವು ಹಾಲನ್ನು ಲೀಟರಿನ ಲೆಕ್ಕದಲ್ಲಿ ಅಳೆದರೂ ಬೆಲೆಯನ್ನು ಅಷ್ಟರಿಂದಲೇ ನಿರ್ಧರಿಸುವುದಿಲ್ಲ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎಂದು ರೈತರೆಲ್ಲರೂ ಕರೆಯುವ ಕೊಬ್ಬಿನಂಶ ಹಾಗೂ ಘನಾಂಶಗಳನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತದೆ. ಲೀಟರಿಗಷ್ಟೇ ಹಣ ಎಂದಿದ್ದರೆ ಕ್ಯಾನಿಗೆ ನೀರು ಬೆರೆಸುವುದೇ ಲಾಭವಾಗುತ್ತಿತ್ತು. ಗುಣಕ್ಕೆ ಹಣ ಎಂದ ಕೂಡಲೇ ಹಸುವಿಗೆ ಒಳ್ಳೆಯ ಮೇವು ಹಾಕುವುದು ಲಾಭವಾಗುತ್ತದೆ. ರೈತನ ಸ್ವಭಾವ ಎರಡು ವ್ಯವಸ್ಥೆಗಳಲ್ಲಿಯೂ ಒಂದೇ. ಬದಲಾದದ್ದು ಹಣ ಯಾವುದಕ್ಕೆ ಸಂದಾಯವಾಗುತ್ತದೆ ಎಂಬುದು ಮಾತ್ರ.

ಒಬ್ಬ ವ್ಯಕ್ತಿ ಅಥವಾ ಸಂಸ್ಥೆಯನ್ನು ಒಂದು ದಿಕ್ಕಿಗೆ ಎಳೆಯುವ ಹಣ, ಬಡ್ತಿ, ಪ್ರಶಸ್ತಿ, ದಂಡ, ಛೀಮಾರಿ ಇವೆಲ್ಲವನ್ನೂ ಒಟ್ಟಾಗಿ ಪ್ರೋತ್ಸಾಹಕಗಳು ಎನ್ನಬಹುದು. ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ನಾವು ಅಂಗೀಕರಿಸುವ ಬಹುತೇಕ ಠರಾವುಗಳಲ್ಲಿ ಇಂತಹ ಒಂದು ಎಳೆತ ಅಡಗಿರುತ್ತದೆ. ಅದು ಯಾವ ದಿಕ್ಕಿಗೆ ಎಳೆಯುತ್ತಿದೆ ಎಂಬುದನ್ನು ಮೊದಲೇ ಅರಿಯುವುದು ಹೇಗೆ ಎಂಬುದೇ ಈ ಲೇಖನದ ಉದ್ದೇಶ.

ತಂತ್ರಜ್ಞಾನ ಕಂಪನಿಗಳು ಕಲಿಸುವ ಪಾಠ

ಯೂಟ್ಯೂಬ್ ಸಂಸ್ಥೆಯು ಮೊದಲಿಗೆ ಯಾವ ವಿಡಿಯೊವನ್ನು ಎಷ್ಟು ಜನ ತೆರೆದರು ಎಂಬ ಎಣಿಕೆಗೆ ಹೆಚ್ಚಿನ ಮಹತ್ವ ಕೊಟ್ಟಿತ್ತು. ಪರಿಣಾಮವಾಗಿ ಒಳಗೆ ಏನೂ ಇಲ್ಲದಿದ್ದರೂ ಆಕರ್ಷಕ ಶೀರ್ಷಿಕೆ ಮತ್ತು ಚಿತ್ರ ಹಾಕಿ ಜನರನ್ನು ಸೆಳೆಯುವ ವಿಡಿಯೊಗಳು ಹೆಚ್ಚಿದವು. 2012ರಲ್ಲಿ ಸಂಸ್ಥೆಯು ಎಣಿಕೆಯನ್ನು ಬದಲಿಸಿ, ಜನ ಎಷ್ಟು ಹೊತ್ತು ನೋಡಿದರು ಎಂಬುದನ್ನು ಪರಿಗಣಿಸತೊಡಗಿತು. ಆಗ ಮೋಸದ ಶೀರ್ಷಿಕೆಗಳ ಲಾಭ ಕಡಿಮೆಯಾಯಿತು. ಆದರೆ ನೋಡುಗರನ್ನು ಹೇಗಾದರೂ ಪರದೆಗೆ ಅಂಟಿಸಿ ಕೂರಿಸುವುದು ಹೊಸ ಲಾಭವಾಯಿತು. ಒಂದು ಅಳತೆಯ ದೋಷವನ್ನು ತಿದ್ದಿದಾಗ ಇನ್ನೊಂದು ಅಳತೆಯ ದೋಷ ತಲೆ ಎತ್ತಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ನಮ್ಮ ಗ್ರಾಮಗಳ ಆಟೊ ಮತ್ತು ಕ್ಯಾಬ್ ಚಾಲಕರದು. ಆ್ಯಪ್ ಆಧಾರಿತ ಕ್ಯಾಬ್ ಕಂಪನಿಗಳು ಆರಂಭದಲ್ಲಿ ಇಂತಿಷ್ಟು ಬಾಡಿಗೆ ಮುಗಿಸಿದರೆ ಇಂತಿಷ್ಟು ಹೆಚ್ಚುವರಿ ಹಣ ಎಂದು ಘೋಷಿಸಿದಾಗ ಅನೇಕರು ಸಾಲ ಮಾಡಿ ಕಾರು ಕೊಂಡರು. ಚಾಲಕರ ಸಂಖ್ಯೆ ಸಾಕಷ್ಟು ಬೆಳೆದ ನಂತರ ಆ ಹಣ ಇಳಿಯಿತು, ಸಾಲದ ಕಂತು ಮಾತ್ರ ಇಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಕ್ಯಾಬ್ ಚಾಲಕರು ನಡೆಸಿದ ಮುಷ್ಕರದ ಹಿಂದೆ ಈ ಸಂಕಟವಿತ್ತು. ಪ್ರೋತ್ಸಾಹಧನವನ್ನು ಶಾಶ್ವತ ಆದಾಯವೆಂದು ನಂಬಿ ಸಾಲ ಮಾಡಬಾರದೆಂಬ ಎಚ್ಚರಿಕೆ ಇದರಲ್ಲಿದೆ.

2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ನಮ್ಮ ಯಾತ್ರಿ ಆ್ಯಪ್ ಬೇರೆ ದಾರಿ ಹಿಡಿಯಿತು. ಆಟೊ ಚಾಲಕರ ಸಂಘಟನೆಯ ಸಹಯೋಗದಲ್ಲಿ ಬಂದ ಈ ಆ್ಯಪ್ ಪ್ರತಿ ಬಾಡಿಗೆಯಲ್ಲಿ ಪಾಲು ಪಡೆಯುವ ಪದ್ಧತಿಯನ್ನು ಕೈಬಿಟ್ಟಿತು. ಮುಂದೆ 2023ರಲ್ಲಿ ದಿನಕ್ಕೆ 25 ರೂಪಾಯಿಯಂತಹ ನಿಗದಿತ ಶುಲ್ಕದ ವ್ಯವಸ್ಥೆಯನ್ನು ತಂದಿತು. ಪಾಲು ಪಡೆಯುವ ಕಂಪನಿಗೆ ಪ್ರಯಾಣದರ ಏರಿದಷ್ಟೂ ಲಾಭ. ನಿಗದಿತ ಶುಲ್ಕ ಪಡೆಯುವ ಕಂಪನಿಗೆ ಚಾಲಕನು ದಿನವೂ ಬಂದು ಸೇರುವುದೇ ಲಾಭ. ಹಾಗೆಂದು ಎಲ್ಲ ಸಮಸ್ಯೆಯೂ ತೀರಿತೆಂದಲ್ಲ. ದಿನದ ಶುಲ್ಕ ಕಟ್ಟಿದ ಚಾಲಕನು ಹತ್ತಿರದ ಸಣ್ಣ ಬಾಡಿಗೆಯನ್ನು ಬಿಟ್ಟು ದೂರದ್ದನ್ನು ಕಾಯುವುದಕ್ಕೆ ಆ ಶುಲ್ಕದಲ್ಲಿ ಯಾವ ತಡೆಯೂ ಇಲ್ಲ.

ಕಚೇರಿಯೊಳಗಿನ ಗುರಿಗಳು

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಪ್ರತಿ ಗ್ರಾಹಕನಿಗೆ ಎಂಟು ಸೇವೆಗಳನ್ನು ಮಾರಬೇಕೆಂಬ ಗುರಿಯನ್ನು ಸಿಬ್ಬಂದಿಗೆ ವಿಧಿಸಿತ್ತು. ಗುರಿ ಮುಟ್ಟದವರಿಗೆ ಕೆಲಸದ ಭಯ, ಮುಟ್ಟಿದವರಿಗೆ ಬೋನಸ್. ಗ್ರಾಹಕರ ಒಪ್ಪಿಗೆಯಿಲ್ಲದೆ ಲಕ್ಷಾಂತರ ಖಾತೆಗಳನ್ನು ತೆರೆದದ್ದು ಬೆಳಕಿಗೆ ಬಂದು, 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಅಷ್ಟು ಜನ ಒಂದೇ ಬಗೆಯ ತಪ್ಪು ಮಾಡಿದಾಗ ದೋಷವನ್ನು ಅವರ ನಡತೆಯಲ್ಲಷ್ಟೇ ಹುಡುಕಿದರೆ ಸಾಲದು, ಗುರಿ ನಿಗದಿಯಲ್ಲಿಯೂ ಹುಡುಕಬೇಕು.

ಈ ಸೇವೆಗೆ ಬರುವ ಮುನ್ನ ನಾನು ನಗರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದಿದ್ದೆ. ಅಲ್ಲಿ ದಿನಕ್ಕೆ ಎಷ್ಟು ದೂರುಗಳನ್ನು ಮುಕ್ತಾಯಗೊಳಿಸಿದೆವು ಎಂಬುದೇ ನಮ್ಮ ಅಂಕಪಟ್ಟಿ. ಸುಲಭದ ದೂರುಗಳಿಗೆ ಎಲ್ಲರೂ ಮುಗಿಬೀಳುತ್ತಿದ್ದರು. ಕಷ್ಟದ ದೂರನ್ನು ಕೈಗೆತ್ತಿಕೊಂಡವನು ತಿಂಗಳ ಕೊನೆಯಲ್ಲಿ ಸೋಮಾರಿ ಎನಿಸಿಕೊಳ್ಳುತ್ತಿದ್ದ. ನಾನೂ ಸುಲಭದವುಗಳನ್ನೇ ಆರಿಸಿಕೊಂಡವರಲ್ಲಿ ಒಬ್ಬ.

ಸಾರ್ವಜನಿಕ ಯೋಜನೆಗಳಲ್ಲಿ

1902ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಂನ ಹನೋಯ್ ನಗರದಲ್ಲಿ ಇಲಿಗಳ ಕಾಟ ತಡೆಯಲು ಪ್ರತಿ ಇಲಿಯ ಬಾಲಕ್ಕೆ ಹಣ ಕೊಡುವ ಯೋಜನೆ ಜಾರಿಗೆ ಬಂತು. ಬಾಲಗಳು ರಾಶಿ ಬಿದ್ದವು. ಸ್ವಲ್ಪ ಕಾಲದಲ್ಲಿಯೇ ಬಾಲವಿಲ್ಲದ ಇಲಿಗಳು ಊರೊಳಗೆ ಓಡಾಡುವುದು ಕಂಡುಬಂತು. ಇಲಿ ಸಾಕುವವರೂ ಪತ್ತೆಯಾದರು. ಯೋಜನೆಯನ್ನು ನಿಲ್ಲಿಸಬೇಕಾಯಿತು.

ಇದನ್ನು ಕೇಳಿ ನಗುವ ಮುನ್ನ ನಮ್ಮ ದಾಖಲೆಗಳನ್ನೂ ನೋಡಬೇಕು. 1999ರಿಂದ ನಡೆದ ಸಂಪೂರ್ಣ ನೈರ್ಮಲ್ಯ ಆಂದೋಲನದಲ್ಲಿ ಶೌಚಾಲಯಗಳ ಸಂಖ್ಯೆಯೇ ಪ್ರಗತಿಯ ಅಳತೆಯಾಗಿತ್ತು, 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರವೂ ಸೇರಿತು. ಆದರೆ 2011ರ ಜನಗಣತಿಯಲ್ಲಿ ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಶೇ. 30.7ರಷ್ಟು ಮನೆಗಳಲ್ಲಿ ಮಾತ್ರ ಶೌಚಾಲಯ ಕಂಡುಬಂತು. ಇಲಾಖಾ ವರದಿಗಳ ಅಂಕಿ ಇದಕ್ಕಿಂತ ಬಹಳ ಮೇಲಿತ್ತು. ಸ್ವಚ್ಛ ಭಾರತ ಅಭಿಯಾನದಲ್ಲಿ 12,000 ರೂಪಾಯಿ ಪ್ರೋತ್ಸಾಹಧನಕ್ಕೆ ಛಾಯಾಚಿತ್ರ ಮತ್ತು ಸ್ಥಳದ ಗುರುತನ್ನು ಜೋಡಿಸಿದ್ದು ಈ ಅನುಭವದ ತಿದ್ದುಪಡಿಯೇ. ಆದರೆ ಚಿತ್ರವು ಕಟ್ಟಡವನ್ನು ತೋರಿಸುತ್ತದೆ, ಬಳಕೆಯನ್ನು ತೋರಿಸುವುದಿಲ್ಲ. ಜಲ ಜೀವನ ಮಿಷನ್‌ನಲ್ಲಿಯೂ ಇದೇ ಪ್ರಶ್ನೆ ಇದೆ. ಯೋಜನೆಯ ಆಶಯ ತಲಾ ದಿನಕ್ಕೆ 55 ಲೀಟರ್ ನೀರು. ಸುಲಭವಾಗಿ ಎಣಿಕೆಗೆ ಸಿಗುವುದು ನಲ್ಲಿಯ ಸಂಪರ್ಕ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಮೂಲಕ ದಿನಕ್ಕೆ ಎರಡು ಬಾರಿ ಛಾಯಾಚಿತ್ರ ಸಹಿತ ಹಾಜರಾತಿ ಕಡ್ಡಾಯವಾಯಿತು. ನಕಲಿ ಹಾಜರಾತಿ ತಡೆಯುವುದು ಉದ್ದೇಶ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಚಿತ್ರಗಳು, ಚಿತ್ರದ ಮೇಲೆ ತೆಗೆದ ಚಿತ್ರಗಳು ಸೇರ್ಪಡೆಯಾಗುತ್ತಿರುವುದನ್ನು ಎತ್ತಿ ತೋರಿಸಿತು. ನೆಟ್‌ವರ್ಕ್ ಸಿಗದ ಕಡೆ ಪ್ರಾಮಾಣಿಕವಾಗಿ ದುಡಿದ ಕೂಲಿಕಾರರ ಹಾಜರಾತಿ ತಪ್ಪುವ ಸಂಕಷ್ಟ ಇನ್ನೊಂದು ಕಡೆ. ಅಳತೆಯನ್ನು ಬಿಗಿಗೊಳಿಸಿದಾಗ ಮೋಸಗಾರನು ದಾರಿ ಹುಡುಕಿಕೊಳ್ಳುತ್ತಾನೆ, ಬಡವನು ಸಿಕ್ಕಿಹಾಕಿಕೊಳ್ಳುತ್ತಾನೆ. ಇದು ಸದಾ ನೆನಪಿನಲ್ಲಿರಬೇಕಾದ ಸಂಗತಿ.

ರಾಜ್ಯದ ಸಕಾಲ ಕಾಯ್ದೆ, 2011ರ ವಿನ್ಯಾಸ ಇವುಗಳಿಗಿಂತ ಉತ್ತಮ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರರಿಗೇ ಕೊಡಿಸುವುದರಿಂದ, ವಿಳಂಬದಿಂದ ನೊಂದವರಿಗೇ ಪ್ರಶ್ನಿಸುವ ಹಕ್ಕು ದೊರೆಯಿತು. ಆದರೂ ಅವಧಿಯೊಳಗಿನ ವಿಲೇವಾರಿ ಎಂಬ ಲೆಕ್ಕದಲ್ಲಿ ಮಂಜೂರಾತಿಯೂ ತಿರಸ್ಕಾರವೂ ಒಂದೇ. ಆದ್ದರಿಂದ ಮಾಸಿಕ ವರದಿಯಲ್ಲಿ ತಿರಸ್ಕೃತ ಅರ್ಜಿಗಳ ಸಂಖ್ಯೆ ಮತ್ತು ಕಾರಣಗಳನ್ನು ಸದಸ್ಯರು ಕೇಳಿ ಪಡೆಯುವುದು ಸೂಕ್ತ.

ನಮ್ಮ ಮನೆಯಂಗಳದಲ್ಲಿ

ಹಿಂದೆ ನಾನು ಕಾರ್ಯನಿರ್ವಹಿಸಿದ ಒಂದು ಪಂಚಾಯತಿಯಲ್ಲಿ ಸ್ವಚ್ಛ ವಾಹಿನಿ ನಡೆಸುವ ಒಕ್ಕೂಟದ ಮಹಿಳೆಯರಿಗೆ ತಿಂಗಳ ಒಣ ಕಸದ ತೂಕದ ಮೇಲೆ ಗುರಿ ನಿಗದಿಪಡಿಸಿದೆ. ಎರಡನೆಯ ತಿಂಗಳಿಗೆ ತೂಕ ಚೆನ್ನಾಗಿ ಏರಿತು. ಘಟಕಕ್ಕೆ ಹೋಗಿ ಮೂಟೆಗಳನ್ನು ಬಿಚ್ಚಿಸಿದಾಗ ಒದ್ದೆ ಬಟ್ಟೆ, ಮಣ್ಣು ಮೆತ್ತಿದ ಚೀಲಗಳು, ಹಸಿ ಕಸ ಬೆರೆತಿದ್ದವು. ನೋಟಿಸ್ ಕೊಡಬೇಕೆಂದು ಸಭೆಯಲ್ಲಿ ಪ್ರಸ್ತಾಪವಾಯಿತು. ಆಗ ಒಬ್ಬ ಮಹಿಳಾ ಸದಸ್ಯರು, "ತೂಕ ಬೇಕು ಅಂದವರು ನೀವು, ಅವರು ತೂಕ ತಂದಿದ್ದಾರೆ. ಬೇರ್ಪಡಿಸಿ ಕೊಡದ ಮನೆಯವರನ್ನು ಯಾರು ಕೇಳಿದಿರಿ?" ಎಂದರು. ತಪ್ಪು ನನ್ನದೇ ಆಗಿತ್ತು. ನೋಟಿಸಿನ ಮಾತನ್ನು ಕೈಬಿಟ್ಟು, ಬೇರ್ಪಡಿಸಿ ಕೊಡುವ ಮನೆಗಳ ಸಂಖ್ಯೆಯನ್ನು ವಾರ್ಡ್‌ವಾರು ಗುರುತಿಸಿ, ಅದರ ಹೊಣೆಯನ್ನು ವಾಹನದವರ ಜೊತೆಗೆ ಆಯಾ ವಾರ್ಡಿನ ಸದಸ್ಯರೂ ಹೊರುವಂತೆ ಬದಲಿಸಿದೆವು. ತೂಕ ಇಳಿಯಿತು. ಮಾರಾಟಕ್ಕೆ ಯೋಗ್ಯವಾದ ಒಣ ಕಸ ಹೆಚ್ಚಿತು.

ತೆರಿಗೆ ವಸೂಲಿಯಲ್ಲಿಯೂ ಇದೇ ಎಚ್ಚರ ಬೇಕು. ಕರ ವಸೂಲಿಗಾರರಿಗೆ ರಸೀದಿಗಳ ಸಂಖ್ಯೆಯ ಗುರಿ ಕೊಟ್ಟರೆ ಅವರು ಹಳೆಯ ಊರಿನ ಸಣ್ಣ ಮನೆಗಳಿಗೇ ಮತ್ತೆ ಮತ್ತೆ ಹೋಗುತ್ತಾರೆ. ಅಲ್ಲಿ ವಾದವಿಲ್ಲ. ದೊಡ್ಡ ಮೊತ್ತ ಬಾಕಿ ಇರುವ ಬಡಾವಣೆ, ಗೋದಾಮು, ಕಲ್ಯಾಣ ಮಂಟಪಗಳ ಬಾಗಿಲು ತಟ್ಟುವುದು ಕಷ್ಟದ ಕೆಲಸ, ಅದಕ್ಕೆ ಅಂಕವಿಲ್ಲ. ಮೊತ್ತದ ಗುರಿಯೊಂದನ್ನೇ ಕೊಟ್ಟರೆ ಇನ್ನೂ ಪಟ್ಟಿಗೇ ಸೇರದ ಆಸ್ತಿಗಳು ಹೊರಗೆ ಉಳಿಯುತ್ತವೆ.

ನಗರದ ಅಂಚಿನ ಪಂಚಾಯತಿಗಳಿಗೆ ಇನ್ನೊಂದು ವಿಶೇಷ ಎಳೆತವಿದೆ. 2007ರಲ್ಲಿ ಕೆಂಗೇರಿ ಪುರಸಭೆಯೂ ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. 2021ರಲ್ಲಿ ಮೆಟ್ರೊ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬಂತು. ನಾಳೆ ನಮ್ಮ ಊರೂ ನಗರಕ್ಕೆ ಸೇರಬಹುದೆಂಬ ಎಣಿಕೆ ಇದ್ದಲ್ಲಿ, ಇಂದೇ ಪರವಾನಗಿ ಕೊಟ್ಟು ಶುಲ್ಕ ಪಡೆಯುವುದು ಲಾಭವಾಗಿಯೂ, ಚರಂಡಿ ಮತ್ತು ಕೆರೆ ಕಾಲುವೆಯ ನಿರ್ವಹಣೆ ಮುಂದಿನವರ ಕೆಲಸವಾಗಿಯೂ ತೋರುತ್ತದೆ. ಶುಲ್ಕ ನಮ್ಮ ಅವಧಿಗೆ ಸೇರುತ್ತದೆ, ಮಳೆಗಾಲದ ನೀರು ಮಾತ್ರ ಅದೇ ಊರಿನ ಮನೆಗಳಿಗೆ ನುಗ್ಗುತ್ತದೆ. ಈ ಎಳೆತವನ್ನು ಯಾವ ಆ್ಯಪ್ ಕೂಡ ಅಳೆಯುವುದಿಲ್ಲ. ಸಭೆಯ ವಿವೇಕವೇ ಅದಕ್ಕೆ ತಡೆ.

ಠರಾವಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಗುರಿ, ಬಹುಮಾನ ಅಥವಾ ದಂಡವನ್ನು ಒಳಗೊಂಡ ಯಾವುದೇ ವಿಷಯ ಸಭೆಗೆ ಬಂದಾಗ ಕೆಳಗಿನ ಐದು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಒಳಿತು.

1. ನಮಗೆ ನಿಜವಾಗಿ ಬೇಕಾಗಿರುವುದೇನು, ನಾವು ಎಣಿಸುತ್ತಿರುವುದೇನು? ಎರಡರ ನಡುವಿನ ಅಂತರವೆಷ್ಟು?

2. ಕೆಲಸ ಮಾಡದೆಯೇ ಈ ಸಂಖ್ಯೆಯನ್ನು ಏರಿಸುವ ಸುಲಭದ ದಾರಿ ಯಾವುದು? ಅದನ್ನು ಸಿಬ್ಬಂದಿಯನ್ನೇ ಕೇಳಿ. ಅವರಿಗೆ ಗೊತ್ತಿರುತ್ತದೆ.

3. ಎಣಿಕೆಯಿಂದ ಹೊರಗುಳಿಯುವ ಕೆಲಸ ಮತ್ತು ಜನ ಯಾರು?

4. ಗುರಿ ತಪ್ಪಿದಾಗ ಪೆಟ್ಟು ಬೀಳುವುದು ಯಾರಿಗೆ? ಫಲಿತಾಂಶವು ಅವರ ಕೈಯಲ್ಲಿದೆಯೇ?

5. ಮೂರು ತಿಂಗಳ ನಂತರ ಸ್ಥಳಕ್ಕೆ ಹೋಗಿ ನೋಡುವವರು ಯಾರು?

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. 1975ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರು ಮಂಡಿಸಿದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ವಿಚಾರದ ಸಾರವೂ ಇದೇ: ಒಂದು ಅಳತೆಯನ್ನು ಗುರಿಯಾಗಿ ಹಿಡಿದು ಒತ್ತಡ ಹೇರಿದಾಗ ಆ ಅಳತೆಯ ಮೇಲಿನ ಭರವಸೆ ಕುಸಿಯುತ್ತದೆ. ಹಾಗಾಗಿ ಅಳತೆಯನ್ನು ಬಿಡಬೇಕಾಗಿಲ್ಲ, ಅದನ್ನೊಂದನ್ನೇ ನಂಬಬಾರದು. ಡೇರಿಯಲ್ಲಿ ಯಂತ್ರವಿದ್ದರೂ ಕಾರ್ಯದರ್ಶಿಯು ಹಾಲನ್ನು ಒಮ್ಮೆ ಮೂಸಿ ನೋಡುತ್ತಾರೆ. ಪಂಚಾಯತಿಯಲ್ಲಿ ಆ ಕೆಲಸ ಚುನಾಯಿತ ಸದಸ್ಯರದು. ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ತಮ್ಮ ವಾರ್ಡಿನ ಒಂದು ನಲ್ಲಿಯನ್ನು ತಿರುಗಿಸಿ, ಒಣ ಕಸದ ಒಂದು ಮೂಟೆಯನ್ನು ಬಿಚ್ಚಿಸಿ, ತೆರಿಗೆ ಬಾಕಿ ಪಟ್ಟಿಯ ಮೊದಲ ಹತ್ತು ಹೆಸರುಗಳನ್ನು ಓದಿಕೊಂಡು ಬರಬೇಕೆಂದು ಕೋರಲಾಗಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಬೆಂಗಳೂರು ದಕ್ಷಿಣ ತಾಲ್ಲೂಕು