28 ಗ್ರಾಂ ಕಡಲು

ಭೂಮಿಯ ಕಡಲುಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ನುಂಗುತ್ತವೆ. ಮನುಷ್ಯ ಹೊರಬಿಡುವುದರಲ್ಲಿ ಇದು ಹತ್ತಿರಹತ್ತಿರ ಕಾಲು ಭಾಗ. ಕಡಲಿನ ಹರವು 36 ಕೋಟಿ ಚದರ ಕಿಲೋಮೀಟರ್. ಭಾಗಿಸಿ ನೋಡಿ: ಒಂದು ಚದರ ಮೀಟರ್ ನೀರಿನ ಪಾಲಿಗೆ ಬರುವುದು ಇಡೀ ವರ್ಷಕ್ಕೆ ಬರೀ 28 ಗ್ರಾಂ! ನಮ್ಮಲ್ಲಿ ಒಬ್ಬೊಬ್ಬರೂ ಉಸಿರಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಬಿಡುತ್ತೇವೆ. ಅಂದರೆ ಮಂಗಳೂರಿನ ಹತ್ತಿರದ ಮಾಣಿ ಎಂಬ ಊರಿನಲ್ಲಿ ಬಸ್ಸು ಹತ್ತಿದವರು ನಗರ ಮುಟ್ಟುವಷ್ಟರಲ್ಲೇ ಆ ಚದರ ಮೀಟರಿನ ವರ್ಷದ ಪಾಲನ್ನು ಉಸಿರಾಡಿ ಮುಗಿಸಿರುತ್ತಾರೆ.

ಆ 28 ಗ್ರಾಂ ಕೂಡ ಕೊಟ್ಟು ತೆಗೆದುಕೊಂಡು ಉಳಿದ ಲೆಕ್ಕ. ಗಾಳಿಯಿಂದ ಕಡಲಿಗೆ ಇಳಿಯುವುದು ವರ್ಷಕ್ಕೆ 30,000 ಕೋಟಿ ಟನ್ನಿನ ಆಸುಪಾಸು. ಕಡಲಿನಿಂದ ಗಾಳಿಗೆ ಏರುವುದೂ ಸುಮಾರು ಅಷ್ಟೇ. ನೂರು ಒಳಗೆ ಹೋದರೆ 97ರಷ್ಟು ಮರಳಿ ಬರುತ್ತದೆ. ಉಳಿದ ಮೂರನ್ನು ಓಲಾಡುವ ಹಡಗಿನಲ್ಲಿ ನಿಂತು ಹಿಡಿಯಬೇಕು.

ಹಡಗಿನ ತಳದಿಂದ ನೀರನ್ನು ಎಡೆಬಿಡದೆ ಎತ್ತಿ, ಮುಚ್ಚಿದ ಪಾತ್ರೆಯೊಳಗೆ ಚಿಮ್ಮಿಸುತ್ತಾರೆ. ನೀರಿನಲ್ಲಿ ಕರಗಿದ ಅನಿಲ ಪಾತ್ರೆಯ ಗಾಳಿಯೊಡನೆ ಸಮತೋಲಕ್ಕೆ ಬಂದ ಮೇಲೆ ಆ ಗಾಳಿಗೆ ಅವಗೆಂಪು ಕಿರಣ ಹಾಯಿಸಿ ಅಳೆಯುತ್ತಾರೆ. ಹೋಲಿಸಲು ಬೇಕಾದ ಹೊರಗಿನ ಗಾಳಿಯನ್ನು ಹಡಗಿನ ಮೂತಿಯ ಕಡೆಯಿಂದ, ಎತ್ತರದಿಂದ ಎಳೆದುಕೊಳ್ಳಬೇಕು. ಎಂಜಿನ್ನಿನ ಹೊಗೆ ಸೋಕಿದರೆ ಕೆಲಸವೆಲ್ಲ ಕೆಟ್ಟಿತು. ಅನಿಲದ ಒತ್ತಡವನ್ನು ಮೈಕ್ರೋ ಅಟ್ಮಾಸ್ಫಿಯರ್ ಮಾನದಲ್ಲಿ ಹೇಳುತ್ತಾರೆ; 400ರ ಅಳತೆಯಲ್ಲಿ 2ಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಇಷ್ಟಾದ ಮೇಲೂ ಗಾಳಿಯ ಬಿರುಸನ್ನು ಲೆಕ್ಕಕ್ಕೆ ಹಿಡಿಯಬೇಕು: ಗಾಳಿಯ ವೇಗ ಎರಡು ಪಟ್ಟಾದರೆ ವಿನಿಮಯ ಸುಮಾರು ನಾಲ್ಕು ಪಟ್ಟು.

ನಮ್ಮ ಅರಬ್ಬಿ ಕಡಲಿನ ದಾರಿಯೇ ಬೇರೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1990ರ ದಶಕದಲ್ಲಿ 'ಸಾಗರ ಕನ್ಯಾ' ಹಡಗಿನಲ್ಲಿ ತಿರುಗಿ ನೀರು ಪರೀಕ್ಷಿಸಿದರು. ಈ ಕಡಲಿನ ನಡುಭಾಗ ಮತ್ತು ಪೂರ್ವಭಾಗ ವರ್ಷವಿಡೀ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತದೆಂದು ವಿ.ವಿ.ಎಸ್.ಎಸ್. ಶರ್ಮ ಮತ್ತು ಸಂಗಡಿಗರು 1998ರಲ್ಲಿ ಬರೆದರು. ಮಳೆಗಾಲದಲ್ಲಿ ಆಳದ ತಣ್ಣೀರು ನಮ್ಮ ಕರಾವಳಿಯುದ್ದಕ್ಕೂ ಮೇಲೇರುತ್ತದೆ. ತಳದಲ್ಲಿ ಕೊಳೆತದ್ದರ ಇಂಗಾಲವೂ ಅದರ ಜೊತೆ ಬರುತ್ತದೆ.

ಮಾಣಿಯ ಸಮೀಪದಲ್ಲೇ ಹರಿಯುವ ನೇತ್ರಾವತಿಯೂ ಈ ಲೆಕ್ಕದಲ್ಲಿದ್ದಾಳೆ. ಘಟ್ಟದ ತರಗೆಲೆ, ತೋಟದ ಮಣ್ಣು ಎಲ್ಲ ಹೊತ್ತು ಅವಳು ಅಳಿವೆಗೆ ಇಳಿಯುತ್ತಾಳೆ, ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತವೆ. ಅದೇ ಶರ್ಮರ ತಂಡ ನೇತ್ರಾವತಿ ಸೇರಿ ಭಾರತದ 27 ಅಳಿವೆಗಳನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಂಕಿಗಳು ಅದೇ ಮಾನದಲ್ಲಿ ಸುಮಾರು 300ರಿಂದ 18,492ರವರೆಗೆ ಹಬ್ಬಿವೆ. ಆಗ ಗಾಳಿಯಲ್ಲಿದ್ದದ್ದು 400ಕ್ಕೂ ಕಡಿಮೆ!

ಜಗತ್ತಿನ ಹಡಗುಗಳ ಅಳತೆಗಳನ್ನು ಒಂದೆಡೆ ಕೂಡಿಸಿಟ್ಟ 'ಸೊಕ್ಯಾಟ್' ಸಂಗ್ರಹ 2011ರಲ್ಲಿ 63 ಲಕ್ಷದಿಂದ ಆರಂಭವಾಗಿ ಈಗ 3 ಕೋಟಿ ದಾಟಿದೆ. ಸಮನಾಗಿ ಹಂಚಿದರೂ ದಶಕಗಳ ದುಡಿಮೆಗೆ ಹತ್ತು ಚದರ ಕಿಲೋಮೀಟರಿಗೆ ಒಂದು ಅಳತೆ. ಆದರೆ ಹಂಚಿಕೆ ಸಮವಿಲ್ಲ. ಉತ್ತರ ಅಟ್ಲಾಂಟಿಕಿನ ನಕ್ಷೆ ಗೆರೆಗಳಿಂದ ತುಂಬಿದೆ, ಅರಬ್ಬಿ ಕಡಲಿನದು ಬಹುಪಾಲು ಖಾಲಿ. ಗಾಳಿ ಬಿರುಸಾಗಿ ಆಳದ ನೀರು ಉಕ್ಕುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಎದುರು ಪ್ರತಿ ವರ್ಷ ಒಂದು ಸಂಶೋಧನಾ ಹಡಗು ಇರಲೇಬೇಕು. ಕಡಲು ಶಾಂತವಾದ ಮೇಲೆ ಹೋಗಿ ಅಳೆದರೆ ವರ್ಷದ ದೊಡ್ಡ ಅಂಕಿಯೇ ಕೈತಪ್ಪಿ ಹೋಗಿರುತ್ತದೆ.