ಕೂರಿಗೆಯ ನಾಡಿನಲ್ಲಿ ಬಿತ್ತುವವನ ಕಥೆ

ಕ್ರೈಸ್ತರ ಧರ್ಮಗ್ರಂಥದ ಕನ್ನಡ ಭಾಷಾಂತರದಲ್ಲಿ ದೃಷ್ಟಾಂತ ಕಥೆಗೆ ‘ಸಾಮ್ಯ’ವೆಂದು ಹೆಸರು. ಅವುಗಳಲ್ಲಿ ಬಿತ್ತುವವನ ಸಾಮ್ಯವು ಬಹು ಪ್ರಸಿದ್ಧವಾದುದು. ರೈತನೊಬ್ಬನು ಎರಚಿದ ಕಾಳಿನಲ್ಲಿ ಒಂದು ಪಾಲು ಕಾಲುದಾರಿಯಲ್ಲಿ ಹಕ್ಕಿಗಳಿಗೆ ಆಹಾರವಾಯಿತು. ಒಂದು ಪಾಲು ಕಲ್ಲುನೆಲದಲ್ಲಿ ಒಣಗಿತು. ಇನ್ನೊಂದು ಪಾಲು ಮುಳ್ಳಿನ ನಡುವೆ ಸೊರಗಿತು. ಒಳ್ಳೆಯ ನೆಲಕ್ಕೆ ಬಿದ್ದುದು ಮಾತ್ರ ಒಂದಕ್ಕೆ 30, 60, 100ರಂತೆ ಫಲಿಸಿತು.

ಮೈಸೂರಿನಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರು ಈ ಕಥೆಯನ್ನು ಬಹುಕಾಲದಿಂದ ಹಳ್ಳಿಗಳಲ್ಲಿ ಹೇಳುತ್ತ ಬಂದವರು. ಅವರು ಪಾದ್ರಿಗಳಲ್ಲ; ನಿವೃತ್ತ ಉಪಾಧ್ಯಾಯರು. ದೀಕ್ಷೆ ಪಡೆಯದ ಗೃಹಸ್ಥರೂ ಧರ್ಮೋಪದೇಶ ಮಾಡುವ ಪದ್ಧತಿಯನ್ನು ಇಂಗ್ಲೆಂಡಿನ ಜಾನ್ ವೆಸ್ಲಿಯು 18ನೆಯ ಶತಮಾನದಲ್ಲಿ ಬೆಳೆಸಿದನು. ‘ವೃತ್ತಾಂತ ಪತ್ರಿಕೆ’ಯನ್ನು ಮೈಸೂರಿನಿಂದ ಪ್ರಕಟಿಸಿದ ವೆಸ್ಲಿಯನ್ ಮಿಷನ್ನಿನೊಡನೆ ಅದು ನಮ್ಮ ಸೀಮೆಗೂ ಬಂದಿತು, 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡ ಮೇಲೂ ಉಳಿದುಕೊಂಡಿತು.

ಒಂದು ಭಾನುವಾರ ನಾನೂ ಅವರೊಡನೆ ಹುಣಸೂರು ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆನು. ಕೇಳಲು ಕುಳಿತವರು ಏಳೆಂಟು ಮಂದಿ, ಎಲ್ಲರೂ ವಯಸ್ಸಾದವರು. ಹರೆಯದವರು ಪಟ್ಟಣ ಸೇರಿದ್ದರು. ಕಥೆ ಮುಗಿದೊಡನೆ ಮುದುಕರೊಬ್ಬರು ಕೇಳಿದರು:

“ಅಲ್ಲ ಮೇಷ್ಟ್ರೇ, ದಾರಿ ಮೇಲೆ, ಕಲ್ಲ ಮೇಲೆ ಬಿತ್ನೆ ಚೆಲ್ಲೋನು ಎಂಥಾ ಆರಂಬಗಾರ?”

ಎಲ್ಲರೂ ನಕ್ಕರು. ನಮ್ಮ ಹಿರಿಯರು ನಗಲಿಲ್ಲ.

ಪ್ರಶ್ನೆ ಸಾಧುವಾದುದೇ. ನಮ್ಮದು ಕೂರಿಗೆಯ ನಾಡು. ಮರದ ಬಟ್ಟಲಿಗೆ ಕಾಳು ಹಾಕಿದರೆ ಅದು ಬಿದಿರ ಕೊಳವೆಗಳಲ್ಲಿ ಇಳಿದು ಸಾಲಿನಲ್ಲಿಯೇ ಬೀಳುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಸಾಧನವನ್ನು ವರ್ಣಿಸಿದ್ದಾನೆ. ಪಾಲೆಸ್ತೀನದ ರೈತನಾದರೋ ಕೈಯಿಂದ ಎರಚುತ್ತಿದ್ದವನು. ಎರಚಿದ ಮೇಲೆ ನೇಗಿಲು ಹೂಡುವ ರೂಢಿಯೂ ಅಲ್ಲಿದ್ದಿತೆಂದು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದಲ್ಲಿ ಕಾಲುದಾರಿಯೂ ನಾಳೆ ಉಳಬೇಕಾದ ಹೊಲವೇ.

ಇನ್ನೊಂದು ವಿಶೇಷವುಂಟು. ಗೋಧಿ, ಬಾರ್ಲಿ ಬೆಳೆಯುತ್ತಿದ್ದ ಆ ಜನಕ್ಕೆ ನೂರರಷ್ಟು ಫಲವೆಂಬುದೇ ಪರಮಾಶ್ಚರ್ಯ. ರಾಗಿಯವರಿಗೆ ಅದೇನು ದೊಡ್ಡದು! ಕೂರಿಗೆಯಲ್ಲಿ ಬಿತ್ತಲು ಎಕರೆಗೆ ಸುಮಾರು 4 ಕಿಲೋ ಬೀಜ ಸಾಕು. ಮಳೆ ಚೆನ್ನಾದ ವರ್ಷ 8 ಕ್ವಿಂಟಲ್ ಬಂದರೆ ಒಂದಕ್ಕೆ 200 ಆಯಿತು. ಆದುದರಿಂದ ಅಲ್ಲಿಯವರು ಫಲಕ್ಕೆ ಬೆರಗಾದರೆ, ನಮ್ಮವರ ಕಣ್ಣು ಮೊದಲು ನಷ್ಟದ ಮೇಲೆ ಬಿದ್ದಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಹಿರಿಯರು ಮೆಲ್ಲನೆ ಹೇಳಿದರು: “ಅವರು ಕೇಳಿದ್ದು ನನ್ನನ್ನೇ. ಏಳೆಂಟು ಮಂದಿಗಾಗಿ ಇಷ್ಟು ದೂರ ಬರುವುದು ಕಲ್ಲಿನ ಮೇಲೆ ಬಿತ್ತಿದಂತಲ್ಲವೇ ಎಂದು ಈ ವರ್ಷವೆಲ್ಲ ಯೋಚಿಸುತ್ತಿದ್ದೇನೆ. ಇನ್ನು ನಿಲ್ಲಿಸಿಬಿಡೋಣವೆಂದೂ ಅನ್ನಿಸಿದೆ.”

ನಾನು ಉತ್ತರ ಕೊಡಲಾರದೆ ಹೋದೆನು. ಉತ್ತರ ಕೊಟ್ಟವರು ಆ ಮುದುಕರೇ. ಮುಂದಿನ ಭಾನುವಾರ ಅವರು ನಮ್ಮಿಬ್ಬರನ್ನೂ ತಮ್ಮ ಹೊಲಕ್ಕೆ ಕರೆದೊಯ್ದರು. ಮಂಡಿಯೆತ್ತರ ಬೆಳೆದ ರಾಗಿ, ನಡುನಡುವೆ ಅವರೆಯ ಅಕ್ಕಡಿ ಸಾಲು. ಅಂಚಿನಲ್ಲಿ ಎದೆಯೆತ್ತರದ ಕಲ್ಲಿನ ಬದು.

“ಈ ಕಲ್ಲೆಲ್ಲ ಹೊಲದೊಳಗೇ ಇತ್ತು ಮೇಷ್ಟ್ರೇ. ನಮ್ಮಪ್ಪ ವರ್ಷವರ್ಷ ಆರಿಸಿ ಆರಿಸಿ ಹಾಕ್ದ. ಕಲ್ಲು ಆರಿಸಿದ್ರೆ ಅದೂ ಹೊಲ್ವೇ.”

ಹಿರಿಯರು ಆ ಬದುವಿನ ಮೇಲೆ ಕೈಯಿರಿಸಿ ಬಹಳ ಹೊತ್ತು ನಿಂತರು. ಕೇಳುವ ಮನಸ್ಸುಗಳನ್ನು ನಾಲ್ಕು ಬಗೆಯ ನೆಲವೆಂದು ವಿಂಗಡಿಸಿ, ಇಂಥವರು ಇಂಥ ನೆಲವೆಂದು ತೀರ್ಮಾನಿಸುವುದು ಉಪದೇಶಕರಿಗೆ ಸುಲಭ. ಬೇಸಾಯಗಾರನಿಗೆ ಮಾತ್ರ ಯಾವ ನೆಲವೂ ಹುಟ್ಟಿದಂತೆಯೇ ಉಳಿಯತಕ್ಕದ್ದಲ್ಲ. ಕಥೆ ಹೇಳಿದವರಿಗೆ ಅದರ ಅರ್ಥವು ಕೇಳಿದವರಿಂದ ದೊರೆಯಿತು.

ಅಂದಿನ ಉಪದೇಶ ಐದೇ ನಿಮಿಷದಲ್ಲಿ ಮುಗಿಯಿತು. ಬಸ್ಸು ಹತ್ತುವ ಮುನ್ನ ಹಿರಿಯರು ಆ ಮುದುಕರ ಕಡೆ ತಿರುಗಿ ಕೇಳಿದರು:

“ಬರುವ ಭಾನುವಾರ ಇದೇ ಹೊತ್ತಿಗೆ ಬರಲೇ?”