ಕಡಲು ಕಾಣದ ಕಿರುನಾಡು

ಆಫ್ರಿಕಾ ಖಂಡದ ಭೂಪಟವನ್ನು ತರಗತಿಯಲ್ಲಿ ತೂಗುಹಾಕಿದಾಗಲೆಲ್ಲ ವಿದ್ಯಾರ್ಥಿಗಳ ದೃಷ್ಟಿ ಒಂದೆಡೆ ತಡೆದು ನಿಲ್ಲುವುದನ್ನು ನಾವು ಕಂಡಿದ್ದೇವೆ. ದಕ್ಷಿಣ ಆಫ್ರಿಕಾ ದೇಶದ ಒಡಲಿನಲ್ಲಿ, ಪಂಚೆಗೆ ಹಾಕಿದ ತೇಪೆಯಂತೆ, ಬೇರೆ ಬಣ್ಣದ ಪುಟ್ಟ ದೇಶವೊಂದು ಕುಳಿತಿದೆ. ಅದು ಲೆಸೊಥೊ. ಅದರ ವಿಸ್ತೀರ್ಣ ಸುಮಾರು 30,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಆರನೆಯ ಒಂದು ಪಾಲಿಗಿಂತಲೂ ಕಿಂಚಿತ್ ಕಡಮೆ. ಕಡಲಿಲ್ಲದ ದೇಶಗಳು ಆ ಖಂಡದಲ್ಲಿ ಇನ್ನೂ ಹಲವುಂಟು. ಆದರೆ ನಾಲ್ಕು ದಿಕ್ಕಿಗೂ ಒಬ್ಬನೇ ನೆರೆಯವನಿರುವುದು ಅಲ್ಲಿ ಇದೊಂದಕ್ಕೇ.

ನೆರೆಯವನು ಮುನಿದರೆ ಇಂತಹ ನಾಡಿನ ಗತಿಯೇನು? 1986ನೆಯ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಅಂದಿನ ವರ್ಣಭೇದ ಸರ್ಕಾರವು ಗಡಿಯನ್ನು ಮುಚ್ಚಿತು. ಮೂರು ವಾರ ತುಂಬುವುದರೊಳಗಾಗಿ ಲೆಸೊಥೊದ ಸರ್ಕಾರವು ಉರುಳಿ ಸೈನ್ಯದ ಆಡಳಿತವು ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಒಪ್ಪಂದಕ್ಕೆ ಸಹಿಯಾಯಿತು. ಲೆಸೊಥೊದ ಮಲೆಗಳ ನೀರನ್ನು ಸುರಂಗಗಳ ಮೂಲಕ ಜೋಹಾನ್ಸ್‌ಬರ್ಗ್ ಸೀಮೆಗೆ ಹರಿಸುವುದು, ಅದಕ್ಕೆ ಪ್ರತಿಯಾಗಿ ಹಣ ಪಡೆಯುವುದು. ವ್ಯಾಪಾರವೇನೋ ನ್ಯಾಯವಾದದ್ದೇ ಇರಬಹುದು. ಆದರೆ ಬಾಗಿಲಿನ ಕೀಲಿ ಯಾರ ಸೊಂಟದಲ್ಲಿದ್ದಿತೆಂಬುದನ್ನು ಮರೆಯುವಂತಿಲ್ಲ.

ಇಂತಹ ನಾಡೊಂದನ್ನು ನೋಡಲು ನಾವು ಹಡಗು ಹತ್ತಬೇಕಾಗಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರ ಬಡಾವಣೆಯಲ್ಲಿ ವಾಸಿಸುವ ಶ್ರೋತೃಗಳು ತಮ್ಮ ಬಡಾವಣೆಯ ಹೆಸರಿನ ಮೂಲವನ್ನರಸಿ ಹಂಪೆಗೆ ಹೋಗುವುದುಂಟಷ್ಟೆ. ಹೊಸಪೇಟೆಯಲ್ಲಿ ಇಳಿದು ದಕ್ಷಿಣಕ್ಕೆ ತಿರುಗಿದರೆ ಅಡ್ಡಲಾಗಿ ಬೆಟ್ಟಸಾಲೊಂದು ಎದ್ದಿರುವುದು ಕಾಣುತ್ತದೆ. ಅದರ ಆಚೆಗೆ ಇರುವುದೇ ಸಂಡೂರು. ಇಂದು ಅದು ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು. 1949ನೆಯ ಏಪ್ರಿಲ್ 1ರಂದು ಮದರಾಸು ಪ್ರಾಂತದಲ್ಲಿ ಲೀನವಾಗುವವರೆಗೆ ಅದು ಘೋರ್ಪಡೆ ಮನೆತನದ ಅರಸರು ಆಳುತ್ತಿದ್ದ ಸಂಸ್ಥಾನವಾಗಿದ್ದಿತು. ವಿಸ್ತಾರವು ಸುಮಾರು 160 ಚದರ ಮೈಲಿ. 1901ರ ಗಣತಿಯಂತೆ ಪ್ರಜೆಗಳು ಹನ್ನೊಂದು ಸಾವಿರದಷ್ಟು. ಸುತ್ತಲೂ ಬ್ರಿಟಿಷರ ಬಳ್ಳಾರಿ ಜಿಲ್ಲೆ. ಬೆಂಗಳೂರಿನ ಒಂದು ಬಡಾವಣೆಯ ಜನವನ್ನು ಕೂಡಿಸಿದರೆ ಇಂತಹ ಹಲವು ಸಂಸ್ಥಾನಗಳಾದಾವು!

ಆದರೆ ಸಂಡೂರಿಗೆ ಒಂದು ವಿಶೇಷವುಂಟು. ಅನ್ಯರು ಗೆರೆ ಎಳೆಯುವುದಕ್ಕೆ ಮೊದಲೇ ಪ್ರಕೃತಿಯು ಅದರ ಎಲ್ಲೆಯನ್ನು ಕಟ್ಟಿದ್ದಿತು. ಹೆಚ್ಚುಕಡಮೆ ಸಮಾನಾಂತರವಾಗಿ ಸಾಗುವ ಎರಡು ಬೆಟ್ಟಸಾಲುಗಳ ನಡುವೆ ಉದ್ದವಾದ ಕಣಿವೆ. ಆ ಸಾಲುಗಳಲ್ಲಿ ಓಬಳಗಂಡಿ, ಭೀಮಗಂಡಿ ಎಂಬ ಎರಡು ಇಕ್ಕಟ್ಟಾದ ಸೀಳುಗಳು. ಗೋಡೆಯಲ್ಲಿ ಬಿದ್ದ ಸಂದಿಗೆ ನಮ್ಮ ಜನರು ಗಂಡಿ ಎನ್ನುತ್ತಾರೆ. ಹೆಸರಿಟ್ಟವರು ಈ ಬೆಟ್ಟಗಳನ್ನು ಗೋಡೆಯೆಂದೇ ಭಾವಿಸಿದ್ದರೆಂಬುದು ಸ್ಪಷ್ಟ. ನಾರಿಹಳ್ಳವೆಂಬ ತೊರೆಯು ಈ ಗೋಡೆಯನ್ನು ಭೇದಿಸಿಕೊಂಡು ಹರಿದು ತುಂಗಭದ್ರೆಯತ್ತ ಸಾಗುತ್ತದೆ.

ಗೋಡೆಯು ಎಷ್ಟರಮಟ್ಟಿಗೆ ರಕ್ಷಣೆ ಕೊಟ್ಟಿತೆಂಬುದು ಚರ್ಚಾಸ್ಪದ. ಹೈದರಾಲಿಯು ಈ ಕಣಿವೆಯನ್ನು ಹಿಡಿದನು. 1817ರಲ್ಲಿ ಪೇಶ್ವೆಯ ಕೋರಿಕೆಯಂತೆ ಥಾಮಸ್ ಮನ್ರೋ ಸೈನ್ಯದೊಡನೆ ಬರಲು, ಅರಸನಾದ ಶಿವರಾಯನು ಕಾದಾಡದೆ ನಾಡನ್ನು ಒಪ್ಪಿಸಿದನು. ಮರುವರ್ಷವೇ ಪೇಶ್ವೆಯ ಪ್ರಭುತ್ವವು ಕೊನೆಗಂಡಿತು. ಮನ್ರೋ ತಾನೇ ಶಿಫಾರಸು ಮಾಡಿ ಸಂಡೂರನ್ನು ಶಿವರಾಯನಿಗೆ ಹಿಂದಕ್ಕೆ ಕೊಡಿಸಿದನು. ಅನಂತರ ಸೈನಿಕರ ಆರೋಗ್ಯಧಾಮವೊಂದನ್ನು ಆಂಗ್ಲರು ರಾಮನದುರ್ಗದ ನೆತ್ತಿಯಲ್ಲಿ, ಸುಮಾರು 3,200 ಅಡಿಗಳ ಎತ್ತರದಲ್ಲಿ, ಸ್ಥಾಪಿಸಿದರು. ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಚಿಕ್ಕ ನಾಡಿನಲ್ಲಿ ಒಳ್ಳೆಯ ಕಾರ್ಯವು ಬೇಗನೆ ಆಗುವುದೂ ಉಂಟು. ಕೊನೆಯ ಅರಸರಾದ ಯಶವಂತರಾವ್ ಘೋರ್ಪಡೆಯವರ ಕಾಲದಲ್ಲಿ ಇಲ್ಲಿಯ ಪ್ರಾಚೀನವಾದ ಕುಮಾರಸ್ವಾಮಿ ದೇವಾಲಯವು ಹರಿಜನರಿಗೆ ತೆರೆಯಿತು. 1936ರ ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ಇದು ಹಿಂದಿನದು. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದಿದ್ದರು.

ಇನ್ನು ಈ ನಾಡಿನ ಐಶ್ವರ್ಯದ ಮಾತು. ಲೆಸೊಥೊಗೆ ಮಲೆಯ ನೀರು ಹೇಗೋ ಸಂಡೂರಿಗೆ ಮಲೆಯ ಅದಿರು ಹಾಗೆ. ಇನ್ನೂರ ಅರುವತ್ತು ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲೆಗಳಲ್ಲಿ ಕಬ್ಬಿಣವೂ ಮ್ಯಾಂಗನೀಸೂ ತುಂಬಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬೆಲ್ಜಿಯಂ ದೇಶದವರ ಕಂಪನಿಯೊಂದು ಇಲ್ಲಿ ಗಣಿ ತೆರೆಯಿತು; ಅದಿರು ಮಾರ್ಮಗೋವಾ ಬಂದರಿನ ಮಾರ್ಗವಾಗಿ ಯೂರೋಪಿಗೆ ಹೋಯಿತು. ಕಡಲನ್ನು ಕಾಣದ ನಾಡಿನ ಮಣ್ಣು ಕಡಲನ್ನು ದಾಟಿತು. ಶತಮಾನವೊಂದು ಕಳೆದು, 2000ದ ನಂತರ ಚೀನಾ ದೇಶದ ಉಕ್ಕಿನ ಹಸಿವೆ ಬೆಳೆಯಲು, ಲಾರಿಗಳ ಸಾಲು ಹಗಲಿರುಳೆನ್ನದೆ ಹರಿಯಿತು. ಅನುಮತಿಯ ಎಲ್ಲೆಯನ್ನು ಮೀರಿ ಅಗೆದವರು ಅನೇಕರು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ 2008ರಲ್ಲಿಯೂ 2011ರಲ್ಲಿಯೂ ಸಲ್ಲಿಸಿದ ವರದಿಗಳು ಇದನ್ನು ಬಯಲಿಗೆ ತಂದವು. 2010ರಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿತು; 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಅತಿಯಾಗಿ ಎಲ್ಲೆ ಮೀರಿದ ಗಣಿಗಳ ಗುತ್ತಿಗೆಗಳು ರದ್ದಾದವು. ಉಳಿದವುಗಳಿಗೆ ಮಿತಿಯನ್ನು ವಿಧಿಸಿ ಮರಳಿ ಅಪ್ಪಣೆ ದೊರೆಯಿತು.

ಇಲ್ಲಿಯೇ ಸಂಡೂರಿನ ಸ್ಥಿತಿಯು ಲೆಸೊಥೊಗಿಂತ ಕಠಿನವೆಂದು ನಮಗೆ ತೋರುತ್ತದೆ. ಲೆಸೊಥೊದ ನೀರು ಮುಂದಿನ ಮಳೆಗಾಲದಲ್ಲಿ ಮತ್ತೆ ತುಂಬೀತು. ಸಂಡೂರಿನಲ್ಲಿ ಅದಿರಿರುವುದು ಗೋಡೆಯಲ್ಲಿ. ನಾಡನ್ನು ನಾಡೆಂದು ಗುರುತಿಸಿದ ಬೆಟ್ಟವೇ ತುಂಡುತುಂಡಾಗಿ ಲಾರಿ ಹತ್ತಿ, ತನ್ನದೇ ಗಂಡಿಗಳನ್ನು ಹಾಯ್ದು ಹೋಗುತ್ತದೆ.

ಎಲ್ಲವೂ ಅಗೆದುಹೋದುದಲ್ಲ. ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಯು ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದು ದೂರದೇಶಗಳಿಗೂ ಹೋಗುತ್ತಿದೆ. ಅದಕ್ಕೆ ಬೆಟ್ಟವನ್ನು ಕಡಿಯಬೇಕಾಗಿಲ್ಲ. ಮಳೆಗಾಲವು ಮುಗಿಯುತ್ತಿರುವಾಗ ಹೋದವರಿಗೆ ರಾಮನದುರ್ಗದ ಇಳಿಜಾರು ಇಂದಿಗೂ ಹಸುರಾಗಿ ಕಾಣುತ್ತದೆ. ಹಂಪೆಗೆ ಹೋದವರು ಇನ್ನೊಂದು ದಿನವನ್ನು ಮಿಗಿಸಿಕೊಂಡು, ಓಬಳಗಂಡಿಯ ಬಳಿ ವಾಹನದಿಂದಿಳಿದು, ಎರಡೂ ಬದಿಯ ಬಂಡೆಗಳನ್ನು ತಲೆಯೆತ್ತಿ ನೋಡಬೇಕೆಂದು ನಮ್ಮ ಕೋರಿಕೆ.